ವಕೀಲ: ಒಪ್ಪಿಸಿಕೊಂಡವನ ಹೆಸರು

ತಮ್ಮನ ತಪ್ಪಿಗೆ ಅಕ್ಕ ಸಮಜಾಯಿಷಿ ಕೊಡಲು ಹೊರಟರೆ ಅಮ್ಮ ಗದರುತ್ತಾಳೆ: “ಅವನ ಪರ ನೀನ್ಯಾಕೆ ವಕಾಲತ್ತು ವಹಿಸ್ತೀಯ, ಅವನಿಗೇನು ಬಾಯಿಲ್ವಾ?” ಕೋರ್ಟಿನ ಮೆಟ್ಟಿಲನ್ನೇ ಹತ್ತದವರ ನಾಲಗೆಯ ಮೇಲೂ ಈ ಮಾತು ಸಲೀಸಾಗಿ ಆಡುತ್ತದೆ. ‘ಬಾಯಿಲ್ವಾ’ ಎಂಬ ಆ ಗದರಿಕೆಯಲ್ಲೇ ವಕೀಲ ಎಂಬ ಪದದ ತಿರುಳು ಇದೆ. ತಾವೇ ಬರಲಾಗದವರಿಗೆ, ತಾವೇ ಹೇಳಿಕೊಳ್ಳಲಾಗದವರಿಗೆ ವಕೀಲರು ಬೇಕು. ಹಾಗಾದರೆ ಇನ್ನೆಂದೂ ಬರಲಾಗದವರ ಮಾತಿಗೆ, ಅಂದರೆ ತೀರಿಕೊಂಡವರ ಮಾತಿಗೆ ವಕೀಲರು ಯಾರು? ಉಯಿಲಿನ ವ್ಯಾಜ್ಯಗಳಲ್ಲಿ, ಟ್ರಸ್ಟಿನ ತಕರಾರುಗಳಲ್ಲಿ, ಅಪ್ಪನ ಆಸ್ತಿಗಾಗಿ ಒಡಹುಟ್ಟಿದವರು ಎದುರುಬದುರು ನಿಂತ ಮೊಕದ್ದಮೆಗಳಲ್ಲಿ ಈ ಪ್ರಶ್ನೆ ದಿನವೂ ಏಳುತ್ತದೆ. ಅದನ್ನು ಇಟ್ಟುಕೊಂಡೇ ಈ ಪದದ ಹಿಂದೆ ನಡೆಯಬೇಕು.

ಅರಬ್ಬಿಯ ವ-ಕ-ಲ ಎಂಬ ಮೂರು ವ್ಯಂಜನಗಳ ಧಾತು ಇದರ ಬೇರು. ಒಪ್ಪಿಸು, ನೆಚ್ಚಿ ಬಿಟ್ಟುಕೊಡು ಎಂಬುದು ಆ ಧಾತುವಿನ ಅರ್ಥ. ಯಾರಿಗೆ ಒಪ್ಪಿಸಲಾಯಿತೋ ಅವನು ವಕೀಲ. ವಾದಿಸುವುದು, ಮಾತಿನ ಚಾತುರ್ಯ, ಕಾನೂನಿನ ಪಾಂಡಿತ್ಯ ಯಾವುದೂ ಮೂಲದಲ್ಲಿ ಇರಲಿಲ್ಲ, ಇದ್ದದ್ದು ನಂಬಿಕೆಯೊಂದೇ. ಇಸ್ಲಾಂ ಪರಂಪರೆ ದೇವರಿಗೆ ಎಣಿಸುವ 99 ಹೆಸರುಗಳಲ್ಲಿ ‘ಅಲ್-ವಕೀಲ್’ ಒಂದು. ತನ್ನ ಕೈಮೀರಿದ್ದನ್ನು ಮನುಷ್ಯ ಯಾರ ಕೈಗೆ ಬಿಟ್ಟು ನಿಶ್ಚಿಂತನಾಗಬಹುದೋ ಅವನು. ನಮ್ಮ ತಾಲ್ಲೂಕು ಕೋರ್ಟಿನ ಹೊಂಗೆಮರದ ಕೆಳಗೆ ಕಪ್ಪು ಕೋಟು ತೊಟ್ಟು ನಿಂತವರಿಗೂ ಪರಮಾತ್ಮನಿಗೂ ಒಂದೇ ಹೆಸರು ಎಂಬುದನ್ನು ನಾನು ಕೇವಲ ಭಾಷೆಯ ಆಕಸ್ಮಿಕ ಎಂದು ನೋಡಲಾರೆ. ಎರಡೂ ಕಡೆ ಬೇಡುವುದು ಅದೇ: ನನ್ನದನ್ನು ನಿನಗೆ ಒಪ್ಪಿಸಿದ್ದೇನೆ, ಕೈಬಿಡಬೇಡ.

ಇಸ್ಲಾಮಿನ ಧರ್ಮಶಾಸ್ತ್ರಜ್ಞರು ಈ ಒಪ್ಪಿಸುವಿಕೆಯನ್ನು ‘ವಕಾಲಾ’ ಎಂಬ ಕರಾರಾಗಿ ಬೆಳೆಸಿದರು. ಸರಕು ಕೊಳ್ಳಲು, ಸಾಲ ವಸೂಲು ಮಾಡಲು, ವಧುವಿನ ಪರವಾಗಿ ನಿಕಾಹ್‌ಗೆ ಒಪ್ಪಿಗೆ ತಿಳಿಸಲು, ಕಾಜಿಯ ಮುಂದೆ ಅಹವಾಲು ಹೇಳಲು ವಕೀಲನನ್ನು ನೇಮಿಸಬಹುದಿತ್ತು. ಅದರ ಎಲ್ಲೆಯನ್ನೂ ಅವರು ಸ್ಪಷ್ಟವಾಗಿ ಎಳೆದರು. ನೇಮಿಸಿದವನ ಉಸಿರು ನಿಂತೊಡನೆ ವಕಾಲಾ ಮುಗಿಯಿತು. ಸತ್ತ ಮೇಲೆ ಅವನ ಕೆಲಸ ನಡೆಸುವವನಿಗೆ ಬೇರೆಯದೇ ಹೆಸರು: ವಸಿ. ವಸಿಯತ್ತಿನಿಂದ, ಎಂದರೆ ಮರಣಶಾಸನದಿಂದ ನೇಮಕಗೊಂಡವನು ವಸಿ. ಬದುಕಿರುವವನ ನಂಬಿಕೆ ಹೊತ್ತವನು ವಕೀಲ, ಸತ್ತವನ ನಂಬಿಕೆ ಹೊತ್ತವನು ವಸಿ. ವಸಿಯತ್ತು ಎಂಬ ಮಾತು ಕರ್ನಾಟಕದ ಮುಸ್ಲಿಂ ಮನೆಗಳಲ್ಲಿ ಇವತ್ತಿಗೂ ಬಳಕೆಯಲ್ಲಿದೆ. ವಸಿ ಎಂಬುದು ಮಾತ್ರ ನಮ್ಮ ಸಾಮಾನ್ಯ ಕನ್ನಡಕ್ಕೆ ಇಳಿಯಲಿಲ್ಲ. ಅವನಿಗೆ ಈಗ ಎಕ್ಸಿಕ್ಯೂಟರ್ ಎನ್ನುತ್ತೇವೆ, ಅಥವಾ ಉಯಿಲು ಜಾರಿ ಮಾಡುವವನು ಎಂದು ಬಿಡಿಸಿ ಹೇಳುತ್ತೇವೆ.

ಅರಬ್ಬಿಯಿಂದ ಪಾರಸಿಗೆ ಬಂದ ಪದಕ್ಕೆ ಅರಮನೆಯ ನಂಟು ಸಿಕ್ಕಿತು. ಹದಿನೆಂಟನೆಯ ಶತಮಾನದಲ್ಲಿ ಇರಾನನ್ನು ಆಳಿದ ಕರೀಮ್ ಖಾನ್ ಝಂದ್ ಶಹಾ ಎಂಬ ಬಿರುದನ್ನು ತೊಡಲೇ ಇಲ್ಲ. ‘ವಕೀಲ್-ಉರ್-ರಆಯಾ’, ರೈತಾಪಿ ಪ್ರಜೆಗಳ ವಕೀಲ, ಎಂದು ಕರೆಸಿಕೊಂಡ. ಶಿರಾಜಿನಲ್ಲಿ ಅವನು ಕಟ್ಟಿಸಿದ ಪೇಟೆ, ಮಸೀದಿ, ಸ್ನಾನಗೃಹ ಮೂರಕ್ಕೂ ಇಂದಿಗೂ ವಕೀಲ್ ಎಂದೇ ಹೆಸರು. ಮೊಗಲರಲ್ಲಿ ವಕೀಲ ಎಂದರೆ ಬಾದಶಹನ ನಂತರದ ಸ್ಥಾನ. ಹದಿಮೂರರ ಬಾಲಕ ಅಕ್ಬರ್ 1556ರಲ್ಲಿ ಪಟ್ಟಕ್ಕೆ ಬಂದಾಗ ರಾಜ್ಯಭಾರ ನಡೆಸಿದ ಬೈರಾಮ್ ಖಾನ್ ವಕೀಲನಾಗಿದ್ದ. 1784ರಲ್ಲಿ ದುರ್ಬಲನಾದ ಬಾದಶಹ ಶಾ ಆಲಂನಿಂದ ‘ವಕೀಲ್-ಎ-ಮುತ್ಲಕ್’ ಎಂಬ ಸರ್ವಾಧಿಕಾರದ ಪದವಿ ಪೇಶ್ವೆಯ ಹೆಸರಿಗೆ ಬಂದು, ಅದರ ಕಾರುಬಾರು ಮಹಾದಜಿ ಸಿಂಧ್ಯಾನ ಕೈಗೆ ಸಿಕ್ಕಿತು. ಇದರ ಜೊತೆಗೆ ಇನ್ನೊಂದು, ಹೆಚ್ಚು ಓಡಾಡುವ ಅರ್ಥವೂ ಇತ್ತು: ಒಬ್ಬ ಅರಸ ಇನ್ನೊಬ್ಬ ಅರಸನ ದರ್ಬಾರಿನಲ್ಲಿ ನಿಲ್ಲಿಸಿದ ರಾಯಭಾರಿ. ಜೈಪುರದ ರಾಜರ ವಕೀಲರು ಮೊಗಲ್ ದರ್ಬಾರಿನಿಂದ ಬರೆದು ಕಳಿಸುತ್ತಿದ್ದ ವರದಿಗಳು ಚರಿತ್ರೆಕಾರರಿಗೆ ದೊಡ್ಡ ಭಂಡಾರವೇ ಆಗಿವೆ.

ಈ ಅರ್ಥದಲ್ಲಿಯೇ ಶ್ರೀರಂಗಪಟ್ಟಣದಲ್ಲಿ ಪದ ತನ್ನ ಅತ್ಯಂತ ಭಾರವಾದ ಕೆಲಸವನ್ನು ಮಾಡಿತು. ಮೂರನೆಯ ಮೈಸೂರು ಯುದ್ಧದ ಕೊನೆಯಲ್ಲಿ, 1792ರ ಫೆಬ್ರವರಿಯಲ್ಲಿ, ಟಿಪ್ಪು ಸುಲ್ತಾನನ ಪರವಾಗಿ ಸಂಧಿಯ ಮಾತುಕತೆಗೆ ಹೋದವರು ಅವನ ವಕೀಲರಾದ ಗುಲಾಂ ಅಲಿ ಖಾನ್ ಮತ್ತು ಅಲಿ ರಜಾ ಖಾನ್. ಸಂಧಿಯ ಷರತ್ತುಗಳು: ಅರ್ಧ ರಾಜ್ಯ, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ, ಅದು ಸಲ್ಲುವ ತನಕ ಇಬ್ಬರು ಮಕ್ಕಳು ಒತ್ತೆ. ಫೆಬ್ರವರಿ 26ರಂದು ಹತ್ತು ವರ್ಷದ ಆಸುಪಾಸಿನ ಅಬ್ದುಲ್ ಖಾಲಿಕ್, ಎಂಟರ ಆಸುಪಾಸಿನ ಮುಯಿಜುದ್ದೀನ್ ಆನೆಗಳ ಮೇಲೆ ಬಂದು ಇಂಗ್ಲಿಷರ ಪಾಳೆಯದಲ್ಲಿ ಇಳಿದರು. ಮುಖ್ಯ ವಕೀಲ ಗುಲಾಂ ಅಲಿ ಅವರನ್ನು ಗವರ್ನರ್ ಜನರಲ್ ಕಾರ್ನ್‌ವಾಲಿಸನ ಕೈಗೆ ಒಪ್ಪಿಸಿದ. ಇಂದು ಬೆಳಗಿನ ತನಕ ಇವರು ನನ್ನ ದೊರೆಯ ಮಕ್ಕಳಾಗಿದ್ದರು, ಇನ್ನು ತಮ್ಮನ್ನೇ ತಂದೆಯಾಗಿ ನೋಡಬೇಕಾಗಿದೆ ಎಂಬ ಅರ್ಥದಲ್ಲಿ ಅವನು ಮಾತಾಡಿದನೆಂದು ಅಲ್ಲಿದ್ದ ಬ್ರಿಟಿಷ್ ಸೇನಾಧಿಕಾರಿಯೊಬ್ಬ ಬರೆದಿಟ್ಟಿದ್ದಾನೆ. ಒಪ್ಪಿಸಿಕೊಂಡವನು ವಕೀಲ, ಇಲ್ಲಿ ಆ ವಕೀಲನೇ ಒಪ್ಪಿಸುವವನೂ ಆದ. ಎರಡು ವರ್ಷ ಕಳೆದು, 1794ರಲ್ಲಿ, ಮಕ್ಕಳು ದೇವನಹಳ್ಳಿಯಲ್ಲಿ ತಂದೆಯನ್ನು ಸೇರಿದರು.

ಕಾರ್ನ್‌ವಾಲಿಸ್ ಕಲ್ಕತ್ತೆಗೆ ಮರಳಿ ಮರುವರ್ಷವೇ ಒಂದು ದೊಡ್ಡ ಕಾನೂನು ಕಟ್ಟನ್ನು ಹೊರಡಿಸಿದ. 1793ರ ಆ ಕಟ್ಟಿನಲ್ಲಿ ಏಳನೆಯ ರೆಗ್ಯುಲೇಷನ್ ವಕೀಲರಿಗೇ ಮೀಸಲು. ಈಸ್ಟ್ ಇಂಡಿಯಾ ಕಂಪನಿಯ ಸದರ್ ದಿವಾನಿ ಅದಾಲತ್ತಿನಲ್ಲೂ ಅದರ ಕೆಳಗಿನ ದಿವಾನಿ ಅದಾಲತ್ತುಗಳಲ್ಲೂ ಕಕ್ಷಿದಾರರ ಪರ ನಿಲ್ಲುವವರಿಗೆ ಸನ್ನದು, ಗೊತ್ತಾದ ಫೀಸು, ತಪ್ಪಿದರೆ ವಜಾ. ಹಿಂದೂ ಅಥವಾ ಮುಸಲ್ಮಾನನಾಗಿದ್ದವನಿಗೆ ಮಾತ್ರ ಸನ್ನದು. ಹಿಂದಿನ ವರ್ಷ ಒಂದು ರಾಜ್ಯದ ಅಳಿವು ಉಳಿವನ್ನು ಹೊತ್ತು ತನ್ನ ಮುಂದೆ ಬಂದಿದ್ದ ವಕೀಲನ ಹೆಸರನ್ನೇ ಈತ ಒಂದು ಹೊಲದ ಬದುವಿನ ತಕರಾರು ಹೊತ್ತು ಬರುವವನಿಗೂ ಕೊಟ್ಟ. ದೊರೆಗಳ ನಡುವಿನ ಪದ ಜನರ ನಡುವಿನದಾದದ್ದು ಹೀಗೆ. ಇದನ್ನು ಪದದ ಇಳಿತ ಎಂದು ಬರೆದವರುಂಟು. ನನಗೆ ಹಾಗನ್ನಿಸುವುದಿಲ್ಲ. ಅಲ್ಲಿಯ ತನಕ ಹೆಚ್ಚಾಗಿ ಅರಸನಿಗೇ ಇದ್ದ ಒಂದು ಸೌಕರ್ಯ, ತಾನಿಲ್ಲದ ಕಡೆ ತನ್ನ ಮಾತು ಇರುವ ಸೌಕರ್ಯ, ರೈತನಿಗೂ ವಿಧವೆಗೂ ದೊರಕಿತು.

ಹಾಗೆಂದು ಪರರ ಪರವಾಗಿ ನ್ಯಾಯಸ್ಥಾನದಲ್ಲಿ ನಿಲ್ಲುವ ರೂಢಿ ಅದಕ್ಕೆ ಮೊದಲು ನಮ್ಮಲ್ಲಿ ಇರಲಿಲ್ಲವೆಂದಲ್ಲ. ಅಣ್ಣತಮ್ಮನೂ ಅಲ್ಲದೆ, ತಂದೆಯೂ ಮಗನೂ ಅಲ್ಲದೆ, ನೇಮಕಗೊಂಡವನೂ ಅಲ್ಲದೆ ಇನ್ನೊಬ್ಬನ ಪರವಾಗಿ ಮಾತಾಡುವವನು ದಂಡಕ್ಕೆ ಅರ್ಹ ಎಂದು ನಾರದಸ್ಮೃತಿ ವಿಧಿಸುತ್ತದೆ. ನೇಮಕಗೊಂಡವನು ಮಾತಾಡಬಹುದಿತ್ತು ಎಂಬುದು ಅದರಿಂದಲೇ ಗೊತ್ತಾಗುತ್ತದೆ. ಅಮ್ಮನ ಗದರಿಕೆಗೂ ಸ್ಮೃತಿಯ ಕಟ್ಟಳೆಗೂ ಎಷ್ಟು ಹತ್ತಿರ! ಆದರೆ ಸಂಸ್ಕೃತದ ಪ್ರತಿನಿಧಿ, ನಿಯೋಗಿ ಎಂಬ ಮಾತುಗಳು ಬೇರೆ ದಾರಿ ಹಿಡಿದವು. ಅದಾಲತ್ತು, ಮುನ್ಸೀಫ, ಅಮೀನ, ದಸ್ತಾವೇಜು, ಜಾಮೀನು, ತಕರಾರು, ಹಕ್ಕು, ವಾರಸುದಾರ ಎಂದು ಸಾಲುಗಟ್ಟಿ ಬಂದ ಅರಬ್ಬಿ–ಪಾರಸಿ ಪದಗಳ ಜೊತೆ ವಕೀಲನೂ ಕನ್ನಡದಲ್ಲಿ ಬೇರೂರಿದ. ನಮ್ಮ ಪ್ರತ್ಯಯಗಳಿಗೆ ಅದು ಎಷ್ಟು ಸುಲಭವಾಗಿ ಒಗ್ಗಿತೆಂದರೆ ವಕೀಲನಿಗೆ, ವಕೀಲರಿಂದ, ವಕೀಲಿಕೆ ಎನ್ನುವಾಗ ಹೊರಗಿನದು ಎಂಬ ಸುಳಿವೇ ಉಳಿದಿಲ್ಲ.

ಬೇರೆ ನೆಲಗಳಲ್ಲಿ ಇದೇ ಪದ ಏನಾಯಿತು ಎಂಬುದನ್ನು ಎರಡು ಮಾತಲ್ಲಿ ಹೇಳಿಬಿಡುತ್ತೇನೆ. ತುರ್ಕಿಯಲ್ಲಿ ಸಂಸತ್ ಸದಸ್ಯ ‘ಮಿಲ್ಲತ್‌ವೆಕಿಲಿ’, ಅಂದರೆ ಜನಾಂಗದ ವಕೀಲ. ಇಂಡೋನೇಷ್ಯಾದಲ್ಲಿ ಉಪರಾಷ್ಟ್ರಪತಿ ‘ವಕೀಲ್ ಪ್ರೆಸಿಡೆನ್’. ಪೂರ್ವ ಆಫ್ರಿಕದ ಸ್ವಾಹಿಲಿಯಲ್ಲಿ ‘ವಕೀಲಿ’ ನಮ್ಮ ವಕೀಲರೇ. ಅರಬ್ಬಿ ನಾಡುಗಳಲ್ಲಿ ಮಾತ್ರ ಇಂದು ಕೋರ್ಟಿನಲ್ಲಿ ವಾದಿಸುವವನಿಗೆ ‘ಮುಹಾಮಿ’, ರಕ್ಷಿಸುವವನು, ಎಂಬ ಬೇರೆ ಹೆಸರು ಬಳಕೆಯಲ್ಲಿದೆ.

ಇನ್ನು ಇಂಗ್ಲೆಂಡಿನ ಕಥೆ. ಅದಿಲ್ಲದೆ ನಮ್ಮ ಉಯಿಲಿನ ವ್ಯಾಜ್ಯ ಅರ್ಥವಾಗದು. ಅಲ್ಲಿ ಶತಮಾನಗಳ ಕಾಲ ನ್ಯಾಯ ಮೂರು ಮನೆಗಳಲ್ಲಿ ಸಿಗುತ್ತಿತ್ತು. ಸಾಮಾನ್ಯ ಕಾನೂನಿನ ಕೋರ್ಟುಗಳು ಒಂದು. ಅವುಗಳ ಬಿಗಿ ನಿಯಮಗಳಿಂದ ಅನ್ಯಾಯವಾದವರು ರಾಜನ ಅಂತಃಕರಣಕ್ಕೆ ಮೊರೆ ಹೋಗುವ ಚಾನ್ಸರಿ ಎಂಬ ಈಕ್ವಿಟಿ ಕೋರ್ಟು ಇನ್ನೊಂದು. ಒಬ್ಬರ ಹೆಸರಲ್ಲಿದ್ದು ಇನ್ನೊಬ್ಬರ ಹಿತಕ್ಕಾಗಿರುವ ಆಸ್ತಿ, ಅಂದರೆ ಟ್ರಸ್ಟು, ಬೆಳೆದದ್ದು ಅಲ್ಲಿ. ಮೂರನೆಯದು ಚರ್ಚಿನ ಕೋರ್ಟು. ಸತ್ತವರ ಚರ ಆಸ್ತಿಯ ಉಯಿಲಿಗೆ ಪ್ರೊಬೇಟ್, ಅಂದರೆ ಇದು ನಿಜವಾದ ಉಯಿಲು ಎಂಬ ಅಧಿಕೃತ ಮುದ್ರೆ, ಸಿಗಬೇಕಾದರೆ 1857ರ ಪ್ರೊಬೇಟ್ ಕೋರ್ಟು ಕಾಯ್ದೆಯ ತನಕವೂ ಅಲ್ಲಿಗೇ ಹೋಗಬೇಕಿತ್ತು. ಈ ಮೂರು ಮನೆಗಳಲ್ಲಿ ಕಕ್ಷಿದಾರನ ಕೆಲಸ ನೋಡಿಕೊಳ್ಳುವವರಿಗೂ ಮೂರು ಹೆಸರು. ಸಾಮಾನ್ಯ ಕೋರ್ಟಿನಲ್ಲಿ ಅಟಾರ್ನಿ, ಚಾನ್ಸರಿಯಲ್ಲಿ ಸಾಲಿಸಿಟರ್, ಚರ್ಚಿನ ಕೋರ್ಟಿನಲ್ಲಿ ಪ್ರಾಕ್ಟರ್. 1870ರ ದಶಕದ ಜುಡಿಕೇಚರ್ ಕಾಯ್ದೆಗಳು ಮನೆಗಳನ್ನು ಒಂದುಗೂಡಿಸಿದಾಗ ಸಾಲಿಸಿಟರ್ ಎಂಬ ಈಕ್ವಿಟಿಯ ಹೆಸರೇ ಎಲ್ಲರಿಗೂ ನಿಂತಿತು.

ಈ ಏರ್ಪಾಡು ಹಡಗು ಹತ್ತಿ ಕಲ್ಕತ್ತೆಗೂ ಬಂತು. 1774ರಲ್ಲಿ ಅಲ್ಲಿ ಸ್ಥಾಪನೆಯಾದ ಸುಪ್ರೀಂ ಕೋರ್ಟಿಗೆ ಸಾಮಾನ್ಯ ಕಾನೂನು, ಈಕ್ವಿಟಿ, ಚರ್ಚಿನ ಪ್ರೊಬೇಟ್ ಅಧಿಕಾರ ಎಲ್ಲವೂ ಇತ್ತು. ಮುಂದೆ ಮದರಾಸು, ಬೊಂಬಾಯಿಗಳಲ್ಲೂ ಅಂಥವೇ ಕೋರ್ಟುಗಳು ಬಂದವು. ಅಲ್ಲಿ ವಾದಿಸುವ ಹಕ್ಕು ಕಡಲಾಚೆಯಿಂದ ಕಲಿತು ಬಂದ ಬ್ಯಾರಿಸ್ಟರರಿಗೆ. ವಕೀಲರಿಗೆ ಬಾಗಿಲು ಮುಚ್ಚಿತ್ತು. 1862ರಲ್ಲಿ ಹೈಕೋರ್ಟುಗಳು ಹುಟ್ಟಿ, ಸುಪ್ರೀಂ ಕೋರ್ಟೂ ಸದರ್ ಅದಾಲತ್ತೂ ಒಂದೇ ಸೂರಿನಡಿ ಬಂದ ಮೇಲೂ ಕಲ್ಕತ್ತೆ, ಬೊಂಬಾಯಿಗಳಲ್ಲಿ ಗೋಡೆ ಉಳಿಯಿತು. ಮೇಲ್ಮನವಿಗಳ ಕಡೆ ವಕೀಲರು ವಾದಿಸಬಹುದಿತ್ತು. ನಗರದೊಳಗಿನ ದೊಡ್ಡ ಉಯಿಲು, ಟ್ರಸ್ಟುಗಳ ವ್ಯಾಜ್ಯ ಬರುವ ಒರಿಜಿನಲ್ ಸೈಡ್ ಬ್ಯಾರಿಸ್ಟರರದು. ಒಂದೇ ಕಟ್ಟಡ, ಒಂದೇ ನ್ಯಾಯಾಧೀಶರು, ಎರಡು ಪಂಕ್ತಿ.

ಆ ಗೋಡೆಯ ಎರಡು ಬದಿಗೂ ಒಂದೇ ಕುಟುಂಬದ ಅಪ್ಪ ಮಗ ನಿಂತ ಕಥೆ ಟಾಗೋರ್ ಮೊಕದ್ದಮೆಯದು. ಪ್ರಸನ್ನ ಕುಮಾರ ಟಾಗೋರ್ ಸದರ್ ದಿವಾನಿ ಅದಾಲತ್ತಿನ ಹೆಸರಾಂತ ವಕೀಲ, ಸರ್ಕಾರಿ ವಕೀಲನೂ ಆಗಿದ್ದವನು. ಜಮೀನ್ದಾರ, ಅಪಾರ ಸಂಪತ್ತಿನ ಒಡೆಯ. ಒಬ್ಬನೇ ಮಗ ಜ್ಞಾನೇಂದ್ರ ಮೋಹನ 1851ರಲ್ಲಿ ಕ್ರೈಸ್ತನಾದ. ಆಮೇಲೆ ಇಂಗ್ಲೆಂಡಿಗೆ ಹೋಗಿ 1862ರಲ್ಲಿ ಬ್ಯಾರಿಸ್ಟರಾದ. ಆ ಪದವಿ ಪಡೆದ ಮೊದಲ ಭಾರತೀಯ ಅವನೇ. ಅಪ್ಪ ಉಯಿಲಿನಲ್ಲಿ ಮಗನಿಗೆ ಏನನ್ನೂ ಬಿಡಲಿಲ್ಲ. ಆಸ್ತಿಯನ್ನು ಮೊದಲು ಅಣ್ಣನ ಮಗ ಜತೀಂದ್ರ ಮೋಹನನಿಗೆ, ಅವನ ನಂತರ ಇನ್ನೂ ಹುಟ್ಟದ ಗಂಡು ಸಂತಾನದ ಸಾಲಿಗೆ, ಇಂಗ್ಲೆಂಡಿನ ದೊಡ್ಡಮನೆಗಳ ಮಾದರಿಯಲ್ಲಿ, ಕಟ್ಟಿಹಾಕಿದ. ಕಲ್ಕತ್ತಾ ವಿಶ್ವವಿದ್ಯಾಲಯದ ಟಾಗೋರ್ ಕಾನೂನು ಉಪನ್ಯಾಸಗಳಿಗೆ ಹಣ ಇಟ್ಟದ್ದೂ ಅದೇ ಉಯಿಲಿನಲ್ಲಿ. 1868ರಲ್ಲಿ ಅಪ್ಪ ತೀರಿಕೊಂಡ. ಮಗ ಕೋರ್ಟಿಗೆ ಹೋದ.

ವ್ಯಾಜ್ಯ ನಡೆದದ್ದು ಒರಿಜಿನಲ್ ಸೈಡ್‌ನಲ್ಲಿ. ಜೀವಮಾನವಿಡೀ ಇತರರ ಆಸ್ತಿಗಾಗಿ ವಾದಿಸಿದ್ದ ಆ ವಕೀಲನ ಸ್ವಂತ ಉಯಿಲಿನ ಪರವಾಗಿ ಅಲ್ಲಿ ಅವನ ವೃತ್ತಿಬಾಂಧವರು ಎದ್ದು ನಿಲ್ಲುವ ಹಾಗಿರಲಿಲ್ಲ. ವಿಷಯ ಲಂಡನ್ನಿನ ಪ್ರಿವಿ ಕೌನ್ಸಿಲ್ ತನಕ ಹೋಗಿ 1872ರಲ್ಲಿ ತೀರ್ಪಾಯಿತು. ಹಿಂದೂ ಕಾನೂನಿನ ಪ್ರಕಾರ ಉಯಿಲು ಮಾಡಿದವನು ಸಾಯುವ ಹೊತ್ತಿಗೆ ಹುಟ್ಟಿಯೇ ಇಲ್ಲದವನಿಗೆ ದಾನ ಸಲ್ಲದು. ಇಂಗ್ಲಿಷ್ ಮಾದರಿಯ ವಂಶಪಾರಂಪರ್ಯದ ಕಟ್ಟು ನಮ್ಮ ಕಾನೂನಿಗೆ ಅಪರಿಚಿತ. ಜತೀಂದ್ರ ಮೋಹನ ಬದುಕಿರುವ ತನಕ ಅನುಭವಿಸಬಹುದು; ಆಮೇಲೆ ಆಸ್ತಿ ಸಹಜ ವಾರಸುದಾರನಿಗೆ, ಅಂದರೆ ಯಾವ ಮಗನನ್ನು ದೂರವಿಟ್ಟಿದ್ದನೋ ಅವನಿಗೇ. ಮತಾಂತರವಾದವರ ವಾರಸಾ ಹಕ್ಕು ಅಳಿಯದು ಎಂಬ 1850ರ ಕಾಯ್ದೆ ಅವನ ಬೆನ್ನಿಗಿತ್ತು. ಹುಟ್ಟದವರ ಕೈಗೆ ಒಪ್ಪಿಸಲಾಗದು ಎಂಬ ಆ ನಿಯಮ, ಸತ್ತವನು ಬದುಕಿರುವವರನ್ನು ಎಷ್ಟು ದೂರ ಆಳಬಹುದು ಎಂಬುದಕ್ಕೆ ಬೇಲಿ ಹಾಕಿತು. ನನಗೆ ಈ ಬೇಲಿ ನ್ಯಾಯವೆಂದೇ ಕಾಣುತ್ತದೆ. ಆದರೂ ಅಷ್ಟು ಬಲ್ಲ ವಕೀಲ ತನ್ನ ಕೊನೆಯ ಮಾತನ್ನು ತಾನೇ ಕಾಯಲಾಗದೆ ಹೋದದ್ದನ್ನು ನೆನೆದರೆ ಮನಸ್ಸು ಭಾರವಾಗುತ್ತದೆ.

ನಮ್ಮ ಕಡೆ ಇಂಥ ವ್ಯಾಜ್ಯ ಬಹುಕಾಲ ಅಪರೂಪವಾಗಿದ್ದುದಕ್ಕೆ ಕಾರಣ ಕಲ್ಯಾಣದಲ್ಲಿದೆ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಇಂದಿನ ಬಸವಕಲ್ಯಾಣದಲ್ಲಿ ಕುಳಿತು ವಿಜ್ಞಾನೇಶ್ವರ ಬರೆದ ಮಿತಾಕ್ಷರ, ಬಂಗಾಳ ಬಿಟ್ಟು ಬಹುಪಾಲು ಭಾರತಕ್ಕೆ ಆಸ್ತಿ ಹಂಚಿಕೆಯ ಆಧಾರವಾಯಿತು. ಅದರಂತೆ ಪಿತ್ರಾರ್ಜಿತದಲ್ಲಿ ಗಂಡುಮಗುವಿಗೆ ಹುಟ್ಟಿನಿಂದಲೇ ಹಕ್ಕು. ಅಪ್ಪ ಒಬ್ಬನದೇ ಅಲ್ಲದ್ದನ್ನು ಅಪ್ಪ ಬರೆದುಕೊಡುವುದು ಹೇಗೆ? ಹಾಗಾಗಿ ಉಯಿಲು ನಮ್ಮಲ್ಲಿ ತಡವಾಗಿ ಬಂದ ಅತಿಥಿ. ಅದರ ಹೆಸರೇ ಹೇಳುವಂತೆ, ಇಂಗ್ಲಿಷಿನ ‘ವಿಲ್’ ದಕ್ಷಿಣದ ನಾಲಗೆಗಳಲ್ಲಿ ಉರುಳಿ ಉಯಿಲಾಯಿತು. ಅವಿಭಕ್ತ ಕುಟುಂಬದೊಳಗಿನ ತನ್ನ ಪಾಲನ್ನು ಹಿಂದೂ ಉಯಿಲಿನ ಮೂಲಕ ಕೊಡಬಹುದೆಂದು ಕಾನೂನು ಒಪ್ಪಿದ್ದು 1956ರಲ್ಲಿ.

ಧಾರವಾಡ, ಮಂಗಳೂರು, ಮೈಸೂರಿನ ಜಿಲ್ಲಾ ಕೋರ್ಟುಗಳಲ್ಲಿ ಕಲ್ಕತ್ತೆಯ ಗೋಡೆ ಇರಲೇ ಇಲ್ಲ ಎಂಬುದನ್ನು ಇಲ್ಲಿ ಹೇಳಬೇಕು. ಮುಫಸಲಿನಲ್ಲಿ ಈಕ್ವಿಟಿಗೆ ಬೇರೆ ಮನೆ ಇಲ್ಲ. ಅನ್ವಯಿಸುವ ಕಟ್ಟಳೆ ಸಿಗದಿದ್ದರೆ ನ್ಯಾಯ, ಸಮತೆ, ಶುದ್ಧ ಅಂತಃಕರಣಗಳಿಗೆ ಅನುಸಾರವಾಗಿ ತೀರ್ಮಾನಿಸು ಎಂದು ಕಂಪನಿಯ ರೆಗ್ಯುಲೇಷನ್‌ಗಳು ಒಬ್ಬನೇ ನ್ಯಾಯಾಧೀಶನಿಗೆ ಹೇಳಿದ್ದವು. ಪ್ರೊಬೇಟೂ ಜಿಲ್ಲಾ ಕೋರ್ಟಿನಲ್ಲೇ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಬಂದಾಗಲೂ ಹಿಂದೂಗಳ ಉಯಿಲಿಗೆ ಪ್ರೊಬೇಟನ್ನು ಕಡ್ಡಾಯ ಮಾಡಿದ್ದು ಮುಖ್ಯವಾಗಿ ಹಳೆಯ ಬಂಗಾಳ ಪ್ರಾಂತ್ಯಕ್ಕೆ ಮತ್ತು ಮದರಾಸು, ಬೊಂಬಾಯಿ ನಗರಗಳಿಗೆ. ಇದರಿಂದ ನಮ್ಮ ವಕೀಲರು ಬೆಳಿಗ್ಗೆ ಬದುವಿನ ದಾವಾ, ಮಧ್ಯಾಹ್ನ ಮಠದ ಟ್ರಸ್ಟು, ಸಂಜೆ ಆಫೀಸಿನಲ್ಲಿ ಮುದುಕರೊಬ್ಬರ ಉಯಿಲು ಎಂದು ಎಲ್ಲವನ್ನೂ ಹೊತ್ತರು. ಅಟಾರ್ನಿ, ಸಾಲಿಸಿಟರ್, ಪ್ರಾಕ್ಟರ್, ಬ್ಯಾರಿಸ್ಟರ್ ಎಂಬ ನಾಲ್ಕು ಹೆಸರಿನ ಕೆಲಸಕ್ಕೆ ಇಲ್ಲಿ ಒಂದೇ ಹೆಸರು ಸಾಕಾಯಿತು.

ಆ ಹೆಸರು ಬಹುಕಾಲ ಗಂಡಸರದಾಗಿತ್ತು. ಪರದೆಯೊಳಗಿನ ಹೆಣ್ಣುಮಕ್ಕಳು ಗಂಡನ ಆಸ್ತಿ ಪರರ ಪಾಲಾಗುತ್ತಿದ್ದರೂ ಪುರುಷ ವಕೀಲನ ಮುಖ ನೋಡಿ ಮಾತಾಡುವಂತಿರಲಿಲ್ಲ. ಆಕ್ಸ್‌ಫರ್ಡ್‌ನಲ್ಲಿ 1892ರಲ್ಲೇ ಕಾನೂನಿನ ಪರೀಕ್ಷೆ ಬರೆದಿದ್ದ ಕಾರ್ನೇಲಿಯಾ ಸೊರಾಬ್ಜಿ 1904ರಿಂದ ಬಂಗಾಳದ ಕೋರ್ಟ್ ಆಫ್ ವಾರ್ಡ್ಸ್‌ನ ಸಲಹೆಗಾರ್ತಿಯಾಗಿ ಅಂಥವರ ಅಂತಃಪುರಗಳಿಗೆ ಹೋಗಿ, ಅವರ ಮಾತು ಕೇಳಿ, ಹೊರಗೆ ಅವರ ಮಾತಾದರು. ಅಷ್ಟೆಲ್ಲ ಮಾಡಿದರೂ ಅಲಹಾಬಾದ್ ಹೈಕೋರ್ಟು ಅವರನ್ನು ವಕೀಲೆಯಾಗಿ ದಾಖಲಿಸಿಕೊಂಡದ್ದು 1921ರಲ್ಲಿ. ಹೆಣ್ಣೆಂಬ ಕಾರಣಕ್ಕೆ ಯಾರನ್ನೂ ತಡೆಯಬಾರದೆಂಬ ಕಾಯ್ದೆ 1923ರಲ್ಲಿ ಬಂತು. ಪದದ ಮೂಲಾರ್ಥಕ್ಕೆ, ಬರಲಾಗದವರ ಬದಲು ಬಂದು ನಿಲ್ಲುವುದಕ್ಕೆ, ಅವರಷ್ಟು ಹತ್ತಿರ ಬದುಕಿದವರು ಕಡಿಮೆ. ಕನ್ನಡದ ಪತ್ರಿಕೆಗಳು ಇಂದು ‘ವಕೀಲೆ’ ಎಂದು ಸಹಜವಾಗಿ ಬರೆಯುತ್ತವೆ.

ಪಂಕ್ತಿಭೇದ ಅಳಿಸಲು 1926ರ ಬಾರ್ ಕೌನ್ಸಿಲ್ ಕಾಯ್ದೆ ಹೆಜ್ಜೆ ಇಟ್ಟಿತು. 1961ರ ಅಡ್ವೊಕೇಟರ ಕಾಯ್ದೆ ವಕೀಲ, ಪ್ಲೀಡರು, ಮುಖ್ತ್ಯಾರ ಎಂಬ ದರ್ಜೆಗಳಿಗೆ ಹೊಸಬರನ್ನು ಸೇರಿಸುವುದನ್ನು ನಿಲ್ಲಿಸಿ ಎಲ್ಲರನ್ನೂ ಅಡ್ವೊಕೇಟ್ ಎಂದಿತು. ಕಾನೂನಿನ ಪುಸ್ತಕದಲ್ಲಿ ಹೆಸರು ಬದಲಾಯಿತು, ಜನರ ಬಾಯಲ್ಲಿ ಆಗಲಿಲ್ಲ. ಬೋರ್ಡಿನಲ್ಲಿ ಅಡ್ವೊಕೇಟ್, ಪತ್ರಿಕೆಯಲ್ಲಿ ನ್ಯಾಯವಾದಿ, ಪೇಟೆಯ ಮಾತಲ್ಲಿ ಲಾಯರ್. ಊರವರು ಮನೆ ಬಾಗಿಲಿಗೆ ಬಂದು ಕರೆಯುವುದು ವಕೀಲರೇ ಎಂದು. ಕಕ್ಷಿದಾರ ಸಹಿ ಹಾಕುವ ಕಾಗದವೂ ವಕಾಲತ್ತುನಾಮವಾಗಿಯೇ ಉಳಿದಿದೆ.

ಆ ಕಾಗದವನ್ನು ನಿಂತು ಓದುವವರು ಕಡಿಮೆ. ನನ್ನ ಪರವಾಗಿ ಹಾಜರಾಗಲು, ವಾದಿಸಲು, ಹಣ ಪಡೆಯಲು, ರಾಜಿಯಾಗಲು ಅಧಿಕಾರ ಕೊಟ್ಟಿದ್ದೇನೆ, ಅವರು ಮಾಡಿದ್ದು ನಾನೇ ಮಾಡಿದಂತೆ ಎಂಬ ಒಕ್ಕಣೆ ಅದರಲ್ಲಿರುತ್ತದೆ. ಎಷ್ಟು ದೊಡ್ಡ ಮಾತು! ವ-ಕ-ಲ ಧಾತು ಪೂರ್ತಿಯಾಗಿ ಬಿಚ್ಚಿಕೊಂಡಿರುವುದು ಅಲ್ಲಿ. ಕಕ್ಷಿದಾರನ ಸೂಚನೆಗಳನ್ನು ಮೀರಿ ಅವನ ಹಕ್ಕನ್ನು ಬಿಟ್ಟುಕೊಡುವ ಅಧಿಕಾರ ವಕೀಲರಿಗಿಲ್ಲ, ಅವರದು ನಂಬಿಕೆಯ ಸಂಬಂಧ ಎಂದು ಸುಪ್ರೀಂ ಕೋರ್ಟು 2015ರಲ್ಲಿ, ಹಿಮಾಲಯನ್ ಗೃಹನಿರ್ಮಾಣ ಸಹಕಾರ ಸಂಘದ ಮೊಕದ್ದಮೆಯಲ್ಲಿ, ಹೇಳಿತು. ವಕೀಲಿಕೆ ಗ್ರಾಹಕ ಕಾಯ್ದೆಯ ‘ಸೇವೆ’ಯ ವ್ಯಾಪ್ತಿಗೆ ಬರುವುದಿಲ್ಲ ಎಂದ 2024ರ ಮೇ ತಿಂಗಳ ತೀರ್ಪಿನಲ್ಲೂ ಅದೇ ಎಳೆ ಇದೆ: ವಕೀಲರು ಕಕ್ಷಿದಾರನ ಏಜೆಂಟರು, ಹಿಡಿತ ಅವನ ಕೈಯಲ್ಲಿರುತ್ತದೆ.

ಉಯಿಲಿನ ವ್ಯಾಜ್ಯದಲ್ಲಿ ಆ ಹಿಡಿತ ಯಾರ ಕೈಯಲ್ಲಿ? ಮೊದಲು ಕೇಳಿದ ಪ್ರಶ್ನೆಗೆ ಬಂದೆವು. ಅಲ್ಲಿ ಹಿರಿಮಗನಿಗೆ ಒಬ್ಬರು ವಕೀಲರು, ಮದುವೆಯಾಗಿ ಹೋದ ಮಗಳಿಗೆ ಒಬ್ಬರು, ಕೊನೆಗಾಲದಲ್ಲಿ ನೋಡಿಕೊಂಡ ಸೊಸೆಗೋ ತಂಗಿಯ ಮಗನಿಗೋ ಇನ್ನೊಬ್ಬರು. ಎಲ್ಲರೂ ಹೇಳುವುದು ಅಪ್ಪನ ಮನಸ್ಸಿನಲ್ಲಿ ಇದ್ದದ್ದು ಇದೇ ಎಂದು. ಅಪ್ಪನಿಗೆ ಮಾತ್ರ ವಕೀಲರಿಲ್ಲ. ಅವನ ವಕಾಲತ್ತು ಯಾರ ಬಳಿಯೂ ಇರಲಾರದು. ಉಸಿರಿನೊಂದಿಗೆ ಅದು ಮುಗಿಯಿತು. ಮೈಸೂರಿನಿಂದ ಸುಪ್ರೀಂ ಕೋರ್ಟಿಗೆ ಹೋದ ಎಚ್. ವೆಂಕಟಾಚಲ ಅಯ್ಯಂಗಾರ್ ಮೊಕದ್ದಮೆಯಲ್ಲಿ, 1958ರ ನವೆಂಬರಿನಲ್ಲಿ, ನ್ಯಾಯಮೂರ್ತಿ ಗಜೇಂದ್ರಗಡ್ಕರ್ ಈ ವಿಷಯವನ್ನು ಎದುರಿಗಿಟ್ಟುಕೊಂಡೇ ತೀರ್ಪು ಬರೆದರು. ಬೇರೆ ಪತ್ರಗಳಂತೆ ಅಲ್ಲ ಉಯಿಲು; ಕೋರ್ಟಿನ ಮುಂದೆ ಬರುವ ಹೊತ್ತಿಗೆ ಅದನ್ನು ಬರೆಸಿದವರು ಇಲ್ಲ, ಇದು ನನ್ನದು ಅಥವಾ ಅಲ್ಲ ಎಂದು ಹೇಳಲು ಅವರು ಬರಲಾರರು ಎಂಬುದು ಆ ತರ್ಕದ ತಳಹದಿ. ಆದ್ದರಿಂದ ಉಯಿಲನ್ನು ಮುಂದಿಡುವವರೇ ಕೋರ್ಟಿನ ಅಂತಃಕರಣ ಒಪ್ಪುವಂತೆ ಅನುಮಾನಗಳನ್ನು ಕಳೆಯಬೇಕು. ಸಹಿ ನಡುಗಿದ್ದೇಕೆ, ಹತ್ತಿರದವರನ್ನು ಕೈಬಿಟ್ಟದ್ದೇಕೆ, ಲಾಭ ಪಡೆಯುವವರೇ ಬರೆಸುವಾಗ ಮುಂದೆ ನಿಂತಿದ್ದೇಕೆ? ಆ ಮೊಕದ್ದಮೆಯಲ್ಲಿ ಅನುಮಾನಗಳು ಕಳೆಯಲಿಲ್ಲ, ಉಯಿಲು ನಿಲ್ಲಲಿಲ್ಲ. ಇಂದಿಗೂ ಉಯಿಲಿನ ಯಾವ ವಾದವೂ ಆ ತೀರ್ಪನ್ನು ಮುಟ್ಟದೆ ಮುಂದೆ ಹೋಗುವುದಿಲ್ಲ. ಚಾನ್ಸರಿಯಿಂದ ಹೊರಟ ಅಂತಃಕರಣ ಎಂಬ ಮಾತು ಮೈಸೂರಿನ ಮುದುಕಿಯೊಬ್ಬರ ಉಯಿಲಿನ ಮೂಲಕ ಭಾರತದ ಪ್ರೊಬೇಟ್ ಕಾನೂನಿನ ನಡುಮನೆಗೆ ಬಂದು ಕೂತಿದೆ.

ಸತ್ತವನ ಮನಸ್ಸನ್ನು ನಿಜಕ್ಕೂ ಕೇಳಿಸಿಕೊಂಡ ಒಬ್ಬರು ಇರುವುದುಂಟು: ಉಯಿಲನ್ನು ಬರೆದುಕೊಟ್ಟ ವಕೀಲರು. ವ್ಯಾಜ್ಯವಾದಾಗ ಅವರು ಬಹುಮಟ್ಟಿಗೆ ವಾದಿಸುವ ಜಾಗದಿಂದ ಇಳಿದು ಸಾಕ್ಷಿಕಟ್ಟೆ ಹತ್ತಬೇಕಾಗುತ್ತದೆ. ತಾನೇ ಸಾಕ್ಷಿಯಾಗಬೇಕಾದ ಮೊಕದ್ದಮೆಯಲ್ಲಿ ವಕಾಲತ್ತು ಹಿಡಿಯಬಾರದೆಂದು ಬಾರ್ ಕೌನ್ಸಿಲಿನ ನಿಯಮವೇ ಇದೆ. ಉಯಿಲಿಗೆ ಇಬ್ಬರು ಸಾಕ್ಷಿಗಳು ಬೇಕೆಂಬುದು ಉತ್ತರಾಧಿಕಾರ ಕಾಯ್ದೆಯ ವಿಧಿ. ಬದುಕಿದ್ದು ಹಾಜರಾಗಬಲ್ಲವರಾದರೆ ಅವರಲ್ಲಿ ಒಬ್ಬರನ್ನಾದರೂ ಕೋರ್ಟಿಗೆ ಕರೆಸಲೇಬೇಕು. ಹೀಗೆ ಸಾಕ್ಷಿ ಹಾಕಿದ್ದ ಹಿರಿಯ ವಕೀಲರು ಕೋಟು ಕಳಚಿ ಪ್ರಮಾಣ ಮಾಡಿ, ಆ ದಿನ ಅವರು ಹೀಗಂದರು, ಬುದ್ಧಿ ಸ್ಥಿಮಿತದಲ್ಲಿತ್ತು, ನನ್ನೆದುರಿಗೇ ಸಹಿ ಹಾಕಿದರು ಎಂದು ಹೇಳುವಾಗ ಅವರದು ವಕೀಲನ ಪಾತ್ರವಲ್ಲ. ಅವರ ನಾಲಗೆಯ ಮೇಲೆ ಈಗ ಯಾರ ಅಧಿಕಾರವೂ ಇಲ್ಲ, ಕಂಡದ್ದನ್ನು ಹೇಳಬೇಕು ಅಷ್ಟೇ. ವಕೀಲ ಬೇರೆ, ವಸಿ ಬೇರೆ ಎಂದ ಹಳೆಯ ಶಾಸ್ತ್ರಜ್ಞರ ಜಾಣ್ಮೆಗೆ ನಾನು ತಲೆಬಾಗುವುದು ಇಂಥ ಕಡೆ.

ಆ ಎಲ್ಲೆಯನ್ನು ನಮ್ಮ ಕಾನೂನು ಒಂದು ಕಡೆ ದಾಟುತ್ತದೆ. ದಾವಾ ನಡೆಯುತ್ತಿರುವಾಗಲೇ ಕಕ್ಷಿದಾರರು ತೀರಿಕೊಂಡರೆ ವಕಾಲತ್ತು ಕೊನೆಯಾಗಬೇಕು. ಆದರೆ ಸಿವಿಲ್ ಪ್ರಕ್ರಿಯಾ ಸಂಹಿತೆಗೆ 1976ರಲ್ಲಿ ಸೇರಿದ ಒಂದು ನಿಯಮ, 22ನೆಯ ಆದೇಶದ 10-ಎ, ಹೀಗೆನ್ನುತ್ತದೆ: ಸಾವಿನ ಸುದ್ದಿ ತಿಳಿದೊಡನೆ ವಕೀಲರು ಅದನ್ನು ಕೋರ್ಟಿಗೆ ತಿಳಿಸಬೇಕು, ಆ ಒಂದು ಕೆಲಸದ ಮಟ್ಟಿಗೆ ವಕೀಲರಿಗೂ ತೀರಿಕೊಂಡವರಿಗೂ ನಡುವಿನ ಕರಾರು ಇನ್ನೂ ಜೀವಂತವಿದೆ ಎಂದೇ ಭಾವಿಸಬೇಕು. ವಕೀಲರು ಎದ್ದು ನಿಂತು ನನ್ನ ಕಕ್ಷಿದಾರರು ಇನ್ನಿಲ್ಲ ಎಂದು ಮೆಮೋ ಕೊಡುತ್ತಾರೆ. ಕೋರ್ಟು ಎದುರು ಪಕ್ಷಕ್ಕೆ ನೋಟೀಸು ಕೊಡುತ್ತದೆ. ವಾರಸುದಾರರನ್ನು ದಾಖಲೆಗೆ ತರಲು ತೊಂಬತ್ತು ದಿನಗಳ ವಾಯಿದೆ ಇರುತ್ತದೆ. ಅಷ್ಟರೊಳಗೆ ಹೆಂಡತಿ, ಮಕ್ಕಳು ಬಂದು ಹೊಸ ವಕಾಲತ್ತಿಗೆ ಸಹಿ ಹಾಕುತ್ತಾರೆ. ಒಮ್ಮತವಿದ್ದರೆ ಎಲ್ಲರೂ ಅದೇ ವಕೀಲರಿಗೆ, ಇಲ್ಲದಿದ್ದರೆ ಒಬ್ಬೊಬ್ಬರು ಒಬ್ಬೊಬ್ಬರಿಗೆ.